ಕಾಡಿನ ಲೆಕ್ಕದಲ್ಲಿ ಕಾಣೆಯಾದ ರಾತ್ರಿಗಳು

ಡೇಟಾದಲ್ಲಿ ಖಾಲಿ ಜಾಗ ಕಂಡರೆ ನಾವು ಏನು ಮಾಡ್ತೀವಿ? ಆ ಕಾಲಂನ ಸರಾಸರಿ ತುಂಬಿ, ಕೋಡ್ ರನ್ ಮಾಡಿ, ಕ್ಯಾಂಟೀನ್‌ಗೆ ಹೋಗ್ತೀವಿ. ಆದರೆ ಒಂದು ಕಾಡು ವರ್ಷಕ್ಕೆ ಎಷ್ಟು ಇಂಗಾಲ ಹೀರಿಕೊಳ್ಳುತ್ತದೆ ಅನ್ನೋ ಲೆಕ್ಕದಲ್ಲಿ ಈ ಅಭ್ಯಾಸ ದೊಡ್ಡ ಎಡವಟ್ಟು ಮಾಡುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಫಾರೆಸ್ಟ್‌ನಲ್ಲಿ 1990ರ ದಶಕದ ಆರಂಭದಿಂದಲೂ ಮರಗಳ ತಲೆಗಿಂತ ಎತ್ತರದ ಗೋಪುರವೊಂದು ಇಂಥ ಅಳತೆ ಮಾಡುತ್ತಿದೆ. ವಿಧಾನದ ಹೆಸರು ಎಡ್ಡಿ ಕೋವೇರಿಯನ್ಸ್. ಗಾಳಿಯ ಲಂಬ ವೇಗ, ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಸೆಕೆಂಡಿಗೆ ಹಲವು ಸಲ ಅಳೆದು, ಅವೆರಡರ ಕೋವೇರಿಯನ್ಸ್ ತೆಗೆದರೆ ಅನಿಲ ಕಾಡಿನೊಳಗೆ ಹೋಯಿತೋ ಹೊರಗೆ ಬಂತೋ ಗೊತ್ತಾಗುತ್ತದೆ. ಇಂಥ ಗೋಪುರಗಳು ಸಾಮಾನ್ಯವಾಗಿ ಅರ್ಧ ಗಂಟೆಗೊಂದು ಸಂಖ್ಯೆ ಕೊಡುತ್ತವೆ, ಅಂದರೆ ವರ್ಷಕ್ಕೆ 17,520. ಮಳೆ, ಕರೆಂಟು, ರಿಪೇರಿ ಅಂತ ಇದರಲ್ಲಿ ಮೂರನೇ ಒಂದು ಭಾಗ ಕೈಬಿಟ್ಟು ಹೋಗುವುದು ಮಾಮೂಲು.

ತೊಂದರೆ ಏನಂದ್ರೆ, ಹೋಗುವ ಡೇಟಾ ಹಗಲು ರಾತ್ರಿ ಸಮನಾಗಿ ಹೋಗೋದಿಲ್ಲ. ಒಂದು ಕಾಲ್ಪನಿಕ ದಿನ ತಗೊಳ್ಳಿ. ಹಗಲು 12 ಗಂಟೆ ಫ್ಲಕ್ಸ್ −6 (ಕಾಡು ಹೀರುತ್ತಿದೆ), ರಾತ್ರಿ 12 ಗಂಟೆ +4 (ಉಸಿರಾಟದಿಂದ ಬಿಡುತ್ತಿದೆ). ನಿಜವಾದ ಸರಾಸರಿ −1. ಈಗ ರಾತ್ರಿಯ ಅರ್ಧ ಡೇಟಾ ಕಾಣೆಯಾಯಿತು ಅನ್ನಿ. ಉಳಿದ 36 ಸಂಖ್ಯೆಗಳ ಸರಾಸರಿ −2.67! ಒಂದು ಮರ ಕೂಡ ನೆಡದೆ ಕಾಡು ಎರಡೂವರೆ ಪಟ್ಟಿಗಿಂತ ಹೆಚ್ಚು ಇಂಗಾಲ ಹೀರಿಬಿಟ್ಟಿತು. ಕಾರ್ಬನ್ ಕ್ರೆಡಿಟ್ ಮಾರುವವರಿಗೆ ಇದಕ್ಕಿಂತ ಖುಷಿ ಬೇಕೆ?

ರಾತ್ರಿಯೇ ಯಾಕೆ ಹೋಗುತ್ತೆ? ಗಾಳಿ ನಿಂತುಬಿಡುವುದರಿಂದ. ಮಣ್ಣು, ಬೇರುಗಳಿಂದ ಬಂದ ಅನಿಲ ಗೋಪುರದ ತುದಿ ಮುಟ್ಟದೆ ಕೆಳಗೇ ಸೇರಿಕೊಳ್ಳುತ್ತದೆ, ಇಳಿಜಾರಿದ್ದರೆ ನೀರಿನ ಹಾಗೆ ಪಕ್ಕಕ್ಕೆ ಹರಿದುಹೋಗುತ್ತದೆ. ಉಪಕರಣ ಸರಿಯಾಗಿಯೇ ಇರುತ್ತದೆ, ಆದರೆ ಅದು ಕೊಡುವ +1 ಕಾಡಿನ ನಿಜವಾದ ಉಸಿರಾಟವಲ್ಲ. ಅದಕ್ಕೇ ಘರ್ಷಣಾ ವೇಗ (ಯು-ಸ್ಟಾರ್) ಒಂದು ಮಿತಿಗಿಂತ ಕಡಿಮೆ ಇದ್ದ ಹೊತ್ತಿನ ಡೇಟಾವನ್ನು ಬೇಕಂತಲೇ ಅಳಿಸುತ್ತಾರೆ. ಆ ಮಿತಿ ಪ್ರತಿ ಜಾಗಕ್ಕೂ ಬೇರೆ. ನನಗೆ ತುಂಬಾ ಹಿಡಿಸಿದ್ದು ಈ ಹೆಜ್ಜೆ: ತುಂಬುವ ಮೊದಲು ಇನ್ನಷ್ಟು ಖಾಲಿ ಮಾಡೋದು.

ಆಮೇಲೆ ತುಂಬುವುದು. ಹೆಚ್ಚು ಬಳಕೆಯಲ್ಲಿರುವ ವಿಧಾನದ ತರ್ಕ ಸರಳ: ಹಿಂದೆ ಮುಂದೆ 7 ದಿನಗಳಲ್ಲಿ ಇದೇ ಥರದ ಹವೆ ಇದ್ದ ಅರ್ಧ ಗಂಟೆಗಳನ್ನು ಹುಡುಕು (ಬಿಸಿಲು ಚದರ ಮೀಟರಿಗೆ 50 ವ್ಯಾಟ್, ಉಷ್ಣತೆ 2.5 ಡಿಗ್ರಿ, ಗಾಳಿಯ ಆವಿಯ ಕೊರತೆ 5 ಹೆಕ್ಟೋಪಾಸ್ಕಲ್ ಒಳಗಿನ ವ್ಯತ್ಯಾಸ), ಅವುಗಳ ಸರಾಸರಿ ಹಾಕು. ಸಿಗದಿದ್ದರೆ ಕಿಟಕಿ ಹಿಗ್ಗಿಸು, ಷರತ್ತು ಸಡಿಲಿಸು. ಜರ್ಮನಿಯ ಯೆನಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ರೆಡ್ಡಿಪ್ರಾಕ್ ಎಂಬ ಉಚಿತ ಆರ್ ಪ್ಯಾಕೇಜ್ ಇದನ್ನು ಮಾಡಿಕೊಡುತ್ತದೆ. (ಹೆಸರು ನೋಡಿ ನಮ್ಮ ಕಡೆಯವರದ್ದು ಅಂದ್ಕೋಬೇಡಿ, ಅದರಲ್ಲಿರೋದು ಎಡ್ಡಿ.)

ಮಷೀನ್ ಲರ್ನಿಂಗ್ ಹಚ್ಚುವ ಆಸೆ ಇರುವವರು ಪರೀಕ್ಷೆ ಮಾಡುವಾಗ ಹುಷಾರು. ಇರುವ ಡೇಟಾದಲ್ಲಿ ಅಲ್ಲೊಂದು ಇಲ್ಲೊಂದು ಅರ್ಧ ಗಂಟೆ ಅಡಗಿಸಿಟ್ಟು ಮಾಡೆಲ್‌ಗೆ ಊಹಿಸಲು ಹೇಳಿದರೆ ಅಂಕ ಭರ್ಜರಿ ಬರುತ್ತದೆ, ಯಾಕಂದ್ರೆ ಪಕ್ಕದ ಅರ್ಧ ಗಂಟೆಯೇ ಉತ್ತರ ಹೇಳಿಕೊಡುತ್ತದೆ. ಇಡೀ ಎರಡು ವಾರ ಅಡಗಿಸಿ ನೋಡಿ. ಅದೂ ಹಾರ್ವರ್ಡ್‌ನಂಥ ಎಲೆ ಉದುರುವ ಕಾಡಿನಲ್ಲಿ, ವಸಂತದಲ್ಲಿ ಚಿಗುರು ಬಿಡುವ ಎರಡು ವಾರ.