ಸ್ಪೆಲ್ ಕಾಂಬೋ: ಜಾಣತನವಾ, ಮೋಸವಾ?

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವವರ ಮಧ್ಯೆ ಒಂದು ಜಗಳ ಯಾವತ್ತೂ ಮುಗಿಯಲ್ಲ. ಯಾರೋ ಒಬ್ಬರು ಎರಡು ಮಂತ್ರ ಜೋಡಿಸಿ, ಒಂದು ಗಂಟೆ ನಡೆಯಬೇಕಿದ್ದ ಯುದ್ಧವನ್ನು ಐದು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಅರ್ಧ ಟೇಬಲ್ "ಸೂಪರ್ ಗುರೂ" ಅನ್ನುತ್ತೆ, ಇನ್ನರ್ಧ "ಇದೆಲ್ಲ ಆಗಲ್ಲಪ್ಪ" ಅನ್ನುತ್ತೆ. ಇಂಥ ಕಾಂಬೋ ನ್ಯಾಯವೇ ಅಂತ ಬರೀ ಕೂಗಾಡುವ ಬದಲು, ಸ್ವಲ್ಪ ಲೆಕ್ಕ ಹಾಕಿ ನೋಡೋಣ ಅನ್ನಿಸಿತು ನಮಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಕಾಗದ, ಪೆನ್ಸಿಲ್, ದಾಳ, ಬಾಯಿಮಾತು ಇಷ್ಟಿದ್ದರೆ ಸಾಕು. ನಾಲ್ಕೈದು ಜನ ಒಂದೊಂದು ಪಾತ್ರ ಹಿಡಿಯುತ್ತಾರೆ: ಒಬ್ಬ ಫೈಟರ್, ಒಬ್ಬ ಕಳ್ಳ, ಒಬ್ಬ ಮಾಂತ್ರಿಕ, ಹೀಗೆ. ಇನ್ನೊಬ್ಬರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಕಥೆ ಹೇಳುವವರು, ಶತ್ರುಗಳನ್ನು ಆಡಿಸುವವರು, ನಿಯಮದ ವಿಷಯದಲ್ಲಿ ಕೊನೆ ಮಾತು ಹೇಳುವವರು ಎಲ್ಲ ಅವರೇ. ಫಲಿತಾಂಶ ಖಚಿತವಿಲ್ಲದ ಕಡೆ 20 ಮುಖದ ದಾಳ ಉರುಳುತ್ತೆ.

ಮಂತ್ರಕ್ಕೆ ಮಿತಿ ಮೊದಲಿಂದಲೂ ಇದೆ. ಗೈಗ್ಯಾಕ್ಸ್ ಆ ಐಡಿಯಾವನ್ನು ಜ್ಯಾಕ್ ವ್ಯಾನ್ಸ್ ಅವರ ಕಥೆಗಳಿಂದ ತಗೊಂಡರು. ವ್ಯಾನ್ಸ್ ಅವರ 1950ರ 'ದಿ ಡೈಯಿಂಗ್ ಅರ್ಥ್' ಪುಸ್ತಕದಲ್ಲಿ ಮಾಂತ್ರಿಕ ಮಂತ್ರ ಹೇಳಿದ ಕೂಡಲೇ ಅದು ಅವನ ತಲೆಯಿಂದ ಅಳಿಸಿಹೋಗುತ್ತೆ, ಎಕ್ಸಾಂ ಹಾಲ್‌ನಿಂದ ಹೊರಬಂದ ನಮ್ಮ ಹಾಗೆ. ಈಗಿನ ಆಟದಲ್ಲಿ ಅದು ಸ್ಲಾಟ್ ರೂಪದಲ್ಲಿ ಉಳಿದಿದೆ: ದಿನಕ್ಕೆ ಇಷ್ಟೇ ಮಂತ್ರ, ಮತ್ತೆ ಬೇಕಂದ್ರೆ ಮಲಗಿ ಏಳಬೇಕು. ಆದರೆ ಕಾಂಬೋಗಳ ಮಟ್ಟಿಗೆ ನಿಜವಾದ ಬ್ರೇಕ್ ಬಿದ್ದಿದ್ದು 2014ರ 5ನೇ ಆವೃತ್ತಿಯಲ್ಲಿ. 2000ದ 3ನೇ ಆವೃತ್ತಿಯಲ್ಲಿ ಒಬ್ಬನೇ ಮಾಂತ್ರಿಕ ಐದಾರು ಮಂತ್ರಗಳನ್ನು ಮೈಮೇಲೆ ಹೇರಿಕೊಂಡು ಯುದ್ಧಕ್ಕೆ ಇಳಿಯಬಹುದಿತ್ತು. 5ನೇ ಆವೃತ್ತಿ 'ಕಾನ್ಸಂಟ್ರೇಶನ್' ಅನ್ನುವ ನಿಯಮ ತಂತು. ಸ್ವಲ್ಪ ಹೊತ್ತು ಉಳಿಯುವ ದೊಡ್ಡ ಮಂತ್ರಗಳಲ್ಲಿ ಬಹುಪಾಲು ಮಂತ್ರಗಳಿಗೆ ಗಮನ ಬೇಕು, ಒಬ್ಬರು ಒಂದು ಹೊತ್ತಿಗೆ ಒಂದರ ಮೇಲೆ ಮಾತ್ರ ಗಮನ ಇಡಬಹುದು. ಏಟು ಬಿದ್ದರೆ ದಾಳ ಹಾಕಿ 10, ಅಥವಾ ಬಿದ್ದ ಏಟಿನ ಅರ್ಧ, ಯಾವುದು ಜಾಸ್ತಿಯೋ ಅಷ್ಟು ತೆಗೆಯಬೇಕು. ಇಲ್ಲಾಂದ್ರೆ ಮಂತ್ರ ಬಿದ್ದುಹೋಗುತ್ತೆ.

ಈ ನಿಯಮದ ಒಂದು ಪರಿಣಾಮ ತುಂಬ ಜನ ಗಮನಿಸಲ್ಲ. ಕಾಂಬೋ ಸಾಯಲಿಲ್ಲ. ಆದರೆ ಒಬ್ಬನಿಂದ ಆಗುತ್ತಿದ್ದ ಕೆಲಸಕ್ಕೆ ಈಗ ಇಬ್ಬರು ಬೇಕಾದರು.

ಒಂದು ಫೇಮಸ್ ಉದಾಹರಣೆ ತಗೊಳ್ಳೋಣ. ಆಟಗಾರರು ಇದನ್ನು 'ಮೈಕ್ರೋವೇವ್' ಅಂತ ಕರೀತಾರೆ. ಮೊದಲ ಮಂತ್ರ ಸಿಕನಿಂಗ್ ರೇಡಿಯನ್ಸ್. 30 ಅಡಿ ತ್ರಿಜ್ಯದಲ್ಲಿ ಹಸಿರು ಬೆಳಕು ಹರಡುತ್ತೆ. ಅದರೊಳಗೆ ಸರದಿ ಶುರು ಮಾಡಿದವರು ದೇಹಬಲದ ದಾಳ ಹಾಕಬೇಕು. ಸೋತರೆ ಹತ್ತು ಮುಖದ ನಾಲ್ಕು ದಾಳದಷ್ಟು ಏಟು, ಅಂದರೆ ಸರಾಸರಿ 22, ಜೊತೆಗೆ ಒಂದು ಹಂತ ಸುಸ್ತು. ಆರು ಹಂತ ಸುಸ್ತಾದರೆ ಸಾವು. ಎರಡನೇ ಮಂತ್ರ ವಾಲ್ ಆಫ್ ಫೋರ್ಸ್: ಕಣ್ಣಿಗೆ ಕಾಣದ, ಎಷ್ಟು ಹೊಡೆದರೂ ಒಡೆಯದ ಗುಮ್ಮಟ, 10 ಅಡಿ ತ್ರಿಜ್ಯದವರೆಗೆ. ಶತ್ರು ಇರುವ ಜಾಗದಲ್ಲೇ ಬೆಳಕು ಹಾಕಿ, ಮೇಲೆ ಗುಮ್ಮಟ ಮುಚ್ಚಿದರೆ ಆಯ್ತು. ಎರಡಕ್ಕೂ ಕಾನ್ಸಂಟ್ರೇಶನ್ ಬೇಕು, ಹಾಗಾಗಿ ಇಬ್ಬರು ಮಾಂತ್ರಿಕರು ಬೇಕೇ ಬೇಕು. ಎರಡೂ 10 ನಿಮಿಷ ಉಳಿಯುತ್ತವೆ. ಒಂದು ರೌಂಡ್ 6 ಸೆಕೆಂಡ್, ಅಂದರೆ 100 ರೌಂಡ್.

ಈಗ ಪ್ರಾಬಬಿಲಿಟಿ. ಮಾಂತ್ರಿಕನ ಮಂತ್ರ ತಪ್ಪಿಸಿಕೊಳ್ಳಲು 17 ಬೇಕು, ಶತ್ರುವಿಗೆ ದೇಹಬಲದ +8 ಇದೆ ಅಂದುಕೊಳ್ಳಿ. ದಾಳದಲ್ಲಿ 8 ಅಥವಾ ಕಡಿಮೆ ಬಿದ್ದರೆ ಸೋಲು, ಅಂದರೆ ಸೋಲುವ ಸಾಧ್ಯತೆ 0.4. ಮೊದಲ ಮೂರು ಸೋಲಿಗೆ ಸರಾಸರಿ 3/0.4, ಅಂದರೆ 7.5 ರೌಂಡ್. 2014ರ ನಿಯಮದಲ್ಲಿ ಮೂರನೇ ಹಂತದ ಸುಸ್ತು ಬಂದಮೇಲೆ ಎರಡು ದಾಳ ಹಾಕಿ ಕಡಿಮೆ ಇರೋದನ್ನು ತಗೊಳ್ಳಬೇಕು. ಗೆಲ್ಲುವ ಸಾಧ್ಯತೆ 0.6ರ ವರ್ಗ, 0.36. ಸೋಲುವುದು 0.64. ಉಳಿದ ಮೂರು ಸೋಲಿಗೆ 3/0.64, ಸುಮಾರು 4.7 ರೌಂಡ್. ಒಟ್ಟು ಹೆಚ್ಚುಕಮ್ಮಿ 12 ರೌಂಡ್, 73 ಸೆಕೆಂಡ್. ಕೈಯಲ್ಲಿ 100 ರೌಂಡ್ ಇರುವಾಗ ಸಾಕಾಗೋದು 12! ಮಧ್ಯೆ ಬೀಳುವ 22, 22ರ ಏಟು ಬೇರೆ.

ಹಾಗಾದರೆ ಮೋಸ ಅನ್ನೋಣವಾ? ಪುಸ್ತಕದ ಪ್ರಕಾರ ಇಲ್ಲಿ ಒಂದಕ್ಷರವೂ ತಪ್ಪಿಲ್ಲ. ಶತ್ರುವಿಗೆ ದಾರಿಯೂ ಇದೆ. ಗುಮ್ಮಟ ಕಣ್ಣಿಗೆ ಕಾಣದ ಕಾರಣ ಆಚೆ ಜಾಗ ಕಾಣುತ್ತೆ. ಮಿಸ್ಟಿ ಸ್ಟೆಪ್ ಗೊತ್ತಿದ್ದರೆ 30 ಅಡಿ ಆಚೆ ಮಾಯವಾಗಿ ನಿಲ್ಲಬಹುದು. ಡಿಸ್‌ಇಂಟಿಗ್ರೇಟ್ ಮಂತ್ರ ಗುಮ್ಮಟವನ್ನೇ ಪುಡಿ ಮಾಡುತ್ತೆ. ಹೊರಗಿರುವ ಚೇಲಾಗಳು ಇಬ್ಬರು ಮಾಂತ್ರಿಕರಲ್ಲಿ ಒಬ್ಬನಿಗೆ ನಾಲ್ಕು ಬಾರಿಸಿದರೂ ಸಾಕು, ಗಮನ ತಪ್ಪುತ್ತೆ. ಆಗ ಆ ಇಬ್ಬರನ್ನು ಕಾಪಾಡುವ ಕೆಲಸ ಫೈಟರ್‌ಗೆ ಬರುತ್ತೆ. ಆದ್ದರಿಂದ ನಮ್ಮ ಮಟ್ಟಿಗೆ ಇದು ಕ್ರೂರ, ಆದರೆ ನ್ಯಾಯವಾದ ಕಾಂಬೋ.

ನಿಜವಾಗಿ ಹಳ್ಳ ಹಿಡಿಯುವ ಕಾಂಬೋ ಬೇರೆ ಥರದ್ದು. ಸಿಮ್ಯುಲಾಕ್ರಂ ಮಂತ್ರ ಹಿಮದಿಂದ ನಿಮ್ಮದೇ ನಕಲು ಮಾಡುತ್ತೆ, 12 ಗಂಟೆ ಬೇಕು, 1,500 ಚಿನ್ನದ ನಾಣ್ಯದ ಮಾಣಿಕ್ಯದ ಪುಡಿ ಬೇಕು. ವಿಶ್ ಅನ್ನೋ ಮಂತ್ರ 8ನೇ ಮಟ್ಟದವರೆಗಿನ ಯಾವ ಮಂತ್ರವನ್ನಾದರೂ ಸಮಯ, ಸಾಮಗ್ರಿ ಏನೂ ಇಲ್ಲದೆ ಮಾಡಿಕೊಡುತ್ತೆ. 17ನೇ ಲೆವೆಲ್‌ನ ಮಾಂತ್ರಿಕ ತನ್ನ ನಕಲು ಮಾಡುತ್ತಾನೆ. ನಕಲಿಗೂ ವಿಶ್ ಗೊತ್ತು, ಅದು ವಿಶ್‌ನಿಂದ ಮಾಂತ್ರಿಕನ ಇನ್ನೊಂದು ನಕಲು ಮಾಡುತ್ತೆ, ಅದು ಮತ್ತೊಂದು. ಬೇಸ್ ಕೇಸ್ ಇಲ್ಲದ ರಿಕರ್ಶನ್, ಮೊದಲ ವರ್ಷದ ಸಿ ಲ್ಯಾಬ್‌ನಲ್ಲಿ ಎಲ್ಲರೂ ನೋಡಿದ್ದೇವೆ. 2024ರ ಹೊಸ ಪುಸ್ತಕದಲ್ಲಿ ನಕಲು ಈ ಮಂತ್ರವನ್ನು ಹಾಕುವಂತಿಲ್ಲ ಅಂತ ಸೇರಿಸಿ ಆ ಬಾಗಿಲು ಮುಚ್ಚಿದರು. ಇದರ ತಮ್ಮ 'ಕಾಫಿಲಾಕ್': ವಾರ್ಲಾಕ್‌ನ ಸ್ಲಾಟ್‌ಗಳು ಒಂದು ಗಂಟೆ ಕೂತರೆ ವಾಪಸ್ ಬರುತ್ತವೆ, ಸಾರ್ಸರರ್ ಆದವನು ಸ್ಲಾಟ್ ಕರಗಿಸಿ ಪಾಯಿಂಟ್ ಮಾಡಿ, ಪಾಯಿಂಟ್‌ನಿಂದ ಮತ್ತೆ ಸ್ಲಾಟ್ ಮಾಡಿಕೊಳ್ಳಬಹುದು. ಒಬ್ಬನೇ ಎರಡೂ ಆಗಿ, ನಿದ್ದೆಯನ್ನೇ ಮಾಡದಿದ್ದರೆ ಸ್ಲಾಟ್ ಗುಡ್ಡೆ ಬೀಳುತ್ತೆ. 2017ರ 'ಜ್ಯಾನಥಾರ್ಸ್ ಗೈಡ್ ಟು ಎವ್ರಿಥಿಂಗ್' ಪುಸ್ತಕದಲ್ಲಿ ನಿದ್ದೆಗೆಟ್ಟವರಿಗೆ ಸುಸ್ತು ಹತ್ತುವ ನಿಯಮ ಬಂತು. ನೈಟ್‌ಔಟ್ ಮಾಡಿ ಇಂಟರ್ನಲ್ಸ್ ಬರೆದವರಿಗೆ ಆ ನಿಯಮ ವಿವರಿಸಬೇಕಿಲ್ಲ.

ಮೂರನೇ ಥರದ್ದು ಕಾಂಬೋ ಅಲ್ಲವೇ ಅಲ್ಲ, ಬರೀ ವಾದ. ನೀರು ಸೃಷ್ಟಿಸುವ ಮಂತ್ರದಿಂದ ಶತ್ರುವಿನ ಶ್ವಾಸಕೋಶ ತುಂಬಿಸ್ತೀನಿ ಅನ್ನೋದು ಇದರ ಹಳೇ ನಮೂನೆ. ಮಂತ್ರದಲ್ಲಿ 'ತೆರೆದ ಪಾತ್ರೆ' ಅಂತ ಬರೆದಿದೆ. ಶ್ವಾಸಕೋಶ ತೆರೆದ ಪಾತ್ರೆ ಅಲ್ಲ, ಮುಗೀತು. ಇನ್ನೊಂದು, ಸಾಲಾಗಿ ನಿಂತ ಹಳ್ಳಿ ಜನ ಒಂದೇ ರೌಂಡ್‌ನಲ್ಲಿ ಭರ್ಜಿಯನ್ನು ಕೈಯಿಂದ ಕೈಗೆ ದಾಟಿಸಿ ಅದಕ್ಕೆ ಭಯಂಕರ ವೇಗ ಕೊಡುವುದು. ಮೆಕ್ಯಾನಿಕಲ್ ಬ್ರ್ಯಾಂಚ್‌ನವರಿಗೆ ಇದು ಪ್ರಾಣ. ತಮಾಷೆ ಏನಂದ್ರೆ ಭರ್ಜಿ ದಾಟಿಸುವಾಗ ಆಟದ ನಿಯಮ ಬೇಕು, ಏಟಿನ ಲೆಕ್ಕಕ್ಕೆ ಮಾತ್ರ ನ್ಯೂಟನ್ ಬೇಕು. 2024ರ ಡಂಜನ್ ಮಾಸ್ಟರ್ಸ್ ಗೈಡ್ ಇದೇ ಉದಾಹರಣೆ ಕೊಟ್ಟು, ಆಟದ ನಿಯಮಗಳು ಫಿಸಿಕ್ಸ್ ಅಲ್ಲ ಅಂತ ಡಿಎಂಗಳಿಗೆ ನೇರವಾಗಿ ಹೇಳಿದೆ.

ನಿಯಮದ ಸಂದಿಯಲ್ಲಿ ನುಸುಳುವುದು ನಮಗೇನು ಹೊಸದಲ್ಲ ಬಿಡಿ. ಹಿರಣ್ಯಕಶಿಪು ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ ಅಂತ ಎಷ್ಟು ಗಟ್ಟಿಯಾಗಿ ವರ ಬರೆಸಿಕೊಂಡಿದ್ದ! ನರಸಿಂಹ ಆ ವರದ ಒಂದು ಮಾತನ್ನೂ ಮುರಿಯಲಿಲ್ಲ. ಹೊಸ್ತಿಲು, ಮುಸ್ಸಂಜೆ, ಉಗುರು. ಕಾಂಬೋ ಅಂದ್ರೆ ಅದು.

ಆದರೆ ಇಷ್ಟೆಲ್ಲ ವಾದದಲ್ಲಿ ಒಂದು ಮುಖ್ಯ ವಿಷಯ ತಪ್ಪಿಹೋಗುತ್ತೆ ಅನ್ನಿಸುತ್ತೆ. ಡಿಎಂಗೆ ಅನ್ಯಾಯವಾಯ್ತಾ ಅಂತ ಎಲ್ಲರೂ ಕೇಳುತ್ತಾರೆ. ಡಿಎಂಗೆ ಇನ್ನೊಂದು ಡ್ರ್ಯಾಗನ್ ತರೋಕೆ ಎರಡು ಸೆಕೆಂಡ್ ಸಾಕು. ಅನ್ಯಾಯ ಆಗೋದು ಪಕ್ಕದಲ್ಲಿ ಕೂತವರಿಗೆ. ಮ್ಯಾಜಿಕ್: ದಿ ಗ್ಯಾದರಿಂಗ್ ಕಾರ್ಡ್ ಆಟದಲ್ಲಿ ಎದುರಾಳಿಯನ್ನು ಒಂದೇ ಸರದಿಯಲ್ಲಿ ಮುಗಿಸಿದರೆ ಅದು ಗೆಲುವು, ಆ ಆಟ ಇರೋದೇ ಅದಕ್ಕೆ. ಇಲ್ಲಿ ಟೇಬಲ್ ಸುತ್ತ ಕೂತವರು ನಮ್ಮವರೇ.

ಡಾರ್ಕ್‌ನೆಸ್ ಮಂತ್ರ ನೋಡಿ. ಸುತ್ತ ಕಗ್ಗತ್ತಲು ಮಾಡಿ, ಕತ್ತಲಲ್ಲೂ ಕಾಣುವ ಡೆವಿಲ್ಸ್ ಸೈಟ್ ಇರುವ ವಾರ್ಲಾಕ್ ಮಜವಾಗಿ ಹೊಡೆಯುತ್ತಾನೆ. ಆಯ್ಕೆಗಳೆರಡೂ ಅವನವೇ, ಮಂತ್ರವೂ ಸಣ್ಣದು. ಆದರೆ ಶತ್ರುವಿನ ಜೊತೆ ನಮ್ಮ ಫೈಟರ್, ನಮ್ಮ ಬಿಲ್ಲುಗಾರ ಎಲ್ಲರೂ ಕುರುಡರು. ನಮ್ಮ ಹಾಸ್ಟೆಲ್ ಟೇಬಲ್‌ನಲ್ಲಿ ಇದು ಮೂರು ವಾರ ನಡೆದಾಗ ಫೈಟರ್ ಆಡುತ್ತಿದ್ದ ಗೆಳೆಯ ದಾಳ ಪಕ್ಕಕ್ಕಿಟ್ಟು ರೀಲ್ಸ್ ನೋಡುತ್ತಾ ಕೂತ. ನಾಲ್ಕನೇ ವಾರ ಲ್ಯಾಬ್ ರೆಕಾರ್ಡ್ ಇದೆ ಅಂದ. ಅವತ್ತು ರೆಕಾರ್ಡ್ ಸಬ್ಮಿಶನ್ ಇರಲಿಲ್ಲ ಅಂತ ಎಲ್ಲರಿಗೂ ಗೊತ್ತು.

ಅದರ ಎದುರಿಗೆ ಸ್ಪೈಕ್ ಗ್ರೋತ್ ಇಡಿ. ಡ್ರೂಯಿಡ್ ನೆಲದ ಮೇಲೆ 20 ಅಡಿ ತ್ರಿಜ್ಯದಲ್ಲಿ ಮುಳ್ಳು ಹಬ್ಬಿಸುತ್ತಾಳೆ. ಪ್ರತಿ 5 ಅಡಿ ಚಲಿಸಿದ್ದಕ್ಕೆ ನಾಲ್ಕು ಮುಖದ ಎರಡು ದಾಳದಷ್ಟು ಏಟು. ಮಾಂತ್ರಿಕ ಥಂಡರ್‌ವೇವ್‌ನಿಂದ ಶತ್ರುವನ್ನು ಅದರೊಳಗೆ 10 ಅಡಿ ತಳ್ಳುತ್ತಾನೆ, ಸರಾಸರಿ 10 ಏಟು. ಅತ್ತ ಕಡೆ ನಿಂತ ಫೈಟರ್ ಗುರಾಣಿಯಿಂದ ವಾಪಸ್ ಅದೇ ಮುಳ್ಳಿಗೆ ದೂಡುತ್ತಾನೆ. ಥೇಟ್ ತೆಂಗಿನಕಾಯಿ ತುರಿದ ಹಾಗೆ. ಕೆಲವೊಮ್ಮೆ ಇದರ ಏಟು ಕತ್ತಲ ಕಾಂಬೋಗಿಂತ ಜಾಸ್ತಿಯೇ ಆಗುತ್ತೆ, ಆದರೂ ಇದಕ್ಕೆ ಯಾರೂ ಮುಖ ಊದಿಸಿಕೊಂಡಿದ್ದನ್ನು ನಾವು ನೋಡಿಲ್ಲ. ಮೂರು ಜನರ ಕೈ ಇದೆ ಅದರಲ್ಲಿ.

ಈಗ ನಮ್ಮ ಟೇಬಲ್‌ನಲ್ಲಿ ಎರಡು ಪದ್ಧತಿ ನಡೆಯುತ್ತಿವೆ. ಹೊಸ ಕಾಂಬೋ ಹೊಳೆದರೆ ಆಟಕ್ಕೆ ಮೊದಲೇ ಡಿಎಂಗೆ ಹೇಳಬೇಕು, ಯುದ್ಧದ ಮಧ್ಯೆ ಅರ್ಧ ಗಂಟೆ ಪುಸ್ತಕ ತಿರುವುವಂತಿಲ್ಲ. ನಾವು ಬಳಸಿದ್ದನ್ನು ಶತ್ರುವೂ ಬಳಸಬಹುದು. ಎರಡನೆಯದನ್ನು ಒಪ್ಪಿಕೊಳ್ಳುವಾಗ ಎಲ್ಲರ ಮುಖ ಸ್ವಲ್ಪ ಸಪ್ಪಗಾಯಿತು, ಯಾಕಂದ್ರೆ ಗುಮ್ಮಟದ ಒಳಗೆ ನಾವಿದ್ದರೆ ಹೇಗಿರುತ್ತೆ ಅಂತ ಎಲ್ಲರೂ ಮನಸ್ಸಲ್ಲೇ ಲೆಕ್ಕ ಹಾಕಿದರು. ಕತ್ತಲಿನ ವಾರ್ಲಾಕ್ ಈಗ ಫೈಟರ್‌ನನ್ನು ಕೇಳಿ ಮಂತ್ರ ಹಾಕುತ್ತಾನೆ. ಗೆಳೆಯ ಮತ್ತೆ ಬರುತ್ತಿದ್ದಾನೆ.

ಲೆಕ್ಕ ಇಷ್ಟಪಡುವವರಿಗೆ ಒಂದು ಬಾಕಿ ಇದೆ. 2024ರ ನಿಯಮದಲ್ಲಿ ಸುಸ್ತಿನ ಪ್ರತಿ ಹಂತಕ್ಕೂ ದಾಳದಿಂದ 2 ಕಳೆಯಬೇಕು. ಆಗ ಮೇಲಿನ ಶತ್ರು ಸೋಲುವ ಸಾಧ್ಯತೆ 0.4, 0.5, 0.6 ಹೀಗೆ 0.9ರವರೆಗೆ ಏರುತ್ತಾ ಹೋಗುತ್ತೆ. ಆರೂ ಸಂಖ್ಯೆಗಳ ತಲೆಕೆಳಗು ಮಾಡಿ ಕೂಡಿಸಿ ನೋಡಿ, ನಮಗೆ 9.96 ರೌಂಡ್ ಬಂತು. ಸಿಮ್ಯುಲಾಕ್ರಂ ಬಾಗಿಲು ಮುಚ್ಚಿದ ಅದೇ ನಿಯಮಗಳಲ್ಲಿ ಮೈಕ್ರೋವೇವ್ 73 ಸೆಕೆಂಡ್‌ನಿಂದ ಒಂದು ನಿಮಿಷಕ್ಕೆ ಇಳಿದಿದೆ.