ನೇತ್ರಾಣಿಯ ಹಕ್ಕಿಗಳು

ಮಕ್ಕಳೇ, ಮಂಜೇಶ್ವರ, ಕುಂಬಳೆ ಕಡೆಯವರಿಗೆ ಕಡಲು ಹೊಸತಲ್ಲ. ಆದವಾನಿ, ಸೊಲ್ಲಾಪುರ ಕಡೆಯವರು ಭೂಪಟ ತೆಗೆದು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರ ಹುಡುಕಿ. ಅಲ್ಲಿಂದ ಅರಬ್ಬಿ ಸಮುದ್ರದಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ಸುತ್ತ ಕಡಿದಾದ ಬಂಡೆ, ಮೇಲೆ ಕಾಡು. ಜನವಸತಿ ಇಲ್ಲ.

ಹಕ್ಕಿಗಳು ಇಂಥ ಜಾಗದಲ್ಲಿ ಯಾಕೆ ಗೂಡು ಕಟ್ಟುತ್ತವೆ? ಗೂಡಿನಲ್ಲಿರುವ ಮೊಟ್ಟೆಗೆ ಓಡಲು ಬರೋದಿಲ್ಲ, ಮರಿಗೆ ಹಾರಲು ಬರೋದಿಲ್ಲ. ಊರಿನಲ್ಲಾದರೆ ಬೆಕ್ಕು, ಮುಂಗುಸಿ ಕಾದಿರುತ್ತವೆ. ಅವು ಕಡಲು ದಾಟಿ ಬರಲಾರವು. ಸುತ್ತಲಿನ ನೀರೇ ಇಲ್ಲಿ ಬೇಲಿ.

ಇಲ್ಲಿನ ಎತ್ತರದ ಮರಗಳಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಕಡ್ಡಿಗಳ ದೊಡ್ಡ ಗೂಡು ಕಟ್ಟುತ್ತದೆ. ರೆಕ್ಕೆ ಬಿಚ್ಚಿದರೆ ಸುಮಾರು 2 ಮೀಟರ್ ಅಗಲ! ಮೀನು, ಕಡಲ ಹಾವು ಇದರ ಆಹಾರ. ಹಳೆಯ ಗೂಡನ್ನೇ ರಿಪೇರಿ ಮಾಡಿ ವರ್ಷವರ್ಷವೂ ಬಳಸುತ್ತದೆ.

ಗುಹೆಯೊಳಗೆ ಇನ್ನೊಂದು ಹಕ್ಕಿ ಇದೆ: ಸ್ವಿಫ್ಟ್‌ಲೆಟ್. ಗುಬ್ಬಿಯಷ್ಟೇ ಸಣ್ಣದು. 19ನೇ ಶತಮಾನದಲ್ಲೇ ಪಕ್ಷಿತಜ್ಞ ಜೆರ್ಡನ್ ಈ ದ್ವೀಪದ ಸ್ವಿಫ್ಟ್‌ಲೆಟ್‌ಗಳ ಬಗ್ಗೆ ಬರೆದಿದ್ದಾರೆ. ಇದು ತನ್ನ ಜೊಲ್ಲನ್ನೇ ಅಂಟಾಗಿ ಬಳಸಿ ಕಲ್ಲುಗೋಡೆಗೆ ಅರ್ಧ ಬಟ್ಟಲಿನಂಥ ಗೂಡು ಅಂಟಿಸುತ್ತದೆ. ಕತ್ತಲಲ್ಲಿ ದಾರಿ ಹೇಗೆ ಗೊತ್ತಾಗುತ್ತದೆ? ‘ಟಿಕ್ ಟಿಕ್’ ಸದ್ದು ಮಾಡಿ ಅದರ ಪ್ರತಿಧ್ವನಿ ಕೇಳುತ್ತದೆ.

ಲೆಕ್ಕ ಮಾಡೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗೋಡೆ 3.4 ಮೀಟರ್ ದೂರದಲ್ಲಿದ್ದರೆ ಶಬ್ದ ಹೋಗಿ ಬರುವ ದೂರ 6.8 ಮೀಟರ್. 6.8 ÷ 340 = 0.02 ಸೆಕೆಂಡ್. ನಮಗೆ ಪ್ರತಿಧ್ವನಿ ಬೇರೆಯಾಗಿ ಕೇಳಲು ಸುಮಾರು 0.1 ಸೆಕೆಂಡ್ ಬೇಕು. ಹಕ್ಕಿಗೆ ಅಷ್ಟು ಬೇಡ!

ಈಗ ಯೋಚಿಸಬೇಕಾದ ವಿಷಯ. ಸ್ವಿಫ್ಟ್‌ಲೆಟ್ ಗೂಡಿನ ಸೂಪಿಗೆ ಕೆಲವು ದೇಶಗಳಲ್ಲಿ ಭಾರಿ ಬೆಲೆಯಿದೆ. ಅದಕ್ಕಾಗಿ ಕಳ್ಳರು ಗೂಡು ಕಿತ್ತರೆ ಮೊಟ್ಟೆ, ಮರಿ ಹಾಳು. ಹಕ್ಕಿ ಮತ್ತೆ ವಾರಗಟ್ಟಲೆ ಜೊಲ್ಲು ಸುರಿಸಿ ಕಟ್ಟಬೇಕು. ಹರಕೆಗೆಂದು ಬಿಟ್ಟ ಆಡುಗಳು ಸಸಿಗಳನ್ನೇ ಮೇಯ್ದರೆ ನಾಳೆ ಹದ್ದಿಗೆ ಎತ್ತರದ ಮರ ಎಲ್ಲಿಂದ ಬರಬೇಕು? ನೌಕಾಪಡೆಯೂ ಹಿಂದೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದೆ. ನೀರಿನ ಬೇಲಿ ಬೆಕ್ಕನ್ನು ತಡೆದೀತು, ದೋಣಿಯನ್ನು ತಡೆಯಲಾರದು. ಈ ಬೇಲಿ ಕಾಯುವುದು ನಮ್ಮ ಕೈಯಲ್ಲಿದೆ.

ಮಾಡಿ ನೋಡಿ
1. ದೊಡ್ಡ ಗೋಡೆಯಿಂದ 20 ಹೆಜ್ಜೆ, ನಂತರ 40 ಹೆಜ್ಜೆ ದೂರ ನಿಂತು ಚಪ್ಪಾಳೆ ತಟ್ಟಿ. ಪ್ರತಿಧ್ವನಿ ಎಲ್ಲಿ ಕೇಳಿಸಿತು?
2. 0.1 ಸೆಕೆಂಡಿಗೆ ಗೋಡೆ ಎಷ್ಟು ದೂರ ಇರಬೇಕು? ಲೆಕ್ಕ ಹಾಕಿ.
3. ದ್ವೀಪಕ್ಕೆ ದೋಣಿಯಲ್ಲಿ ಎರಡು ಇಲಿ ಬಂದಿಳಿದರೆ ಏನಾಗಬಹುದು? ಐದು ವಾಕ್ಯ ಬರೆಯಿರಿ.