ರೇಸು ಕಾರಿನ ಹಿಂಭಾಗ ಮತ್ತು ಗಾಳಿಯ ಆಟ

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸೇತುವೆ ಕೆಳಗೆ ಇಕ್ಕಟ್ಟಿನಲ್ಲಿ ಹಾಯುವುದನ್ನು ನಿಂತು ನೋಡಿರಿ. ಅಲ್ಲಿ ನೀರು ಜೋರಾಗಿ ಓಡುತ್ತದೆ, ಮಟ್ಟ ಸ್ವಲ್ಪ ಇಳಿಯುತ್ತದೆ. ಮುಂದೆ ಕಾಲುವೆ ಅಗಲವಾದ ಮೇಲೆ ನೀರು ಸಾವಕಾಶ ಆಗಿ ಮಟ್ಟ ಮತ್ತೆ ಏರುತ್ತದೆ. ಗಾಳಿಗೂ ಇಂಥದೇ ಗುಣ. ಇಕ್ಕಟ್ಟಿನಲ್ಲಿ ಜೋರಾಗಿ ಓಡಿದರೆ ಅದರ ಒತ್ತಡ ಇಳಿಯುತ್ತದೆ. ನಂಬಿಕೆ ಬರದಿದ್ರೆ ನೋಟ್‌ಬುಕ್ಕಿನ ಎರಡು ಹಾಳೆ ಬಾಯಿ ಮುಂದೆ ಇಳಿಬಿಟ್ಟು ನಡುವೆ ಊದಿರಿ. ಅವು ದೂರ ಹೋಗೋದಿಲ್ಲ, ಹತ್ತಿರ ಬರ್ತಾವೆ!

ರೇಸು ಕಾರಿನ ತಳ ನೆಲಕ್ಕೆ ಬಹಳ ಹತ್ತಿರ. ಆ ಸಂದಿಯಲ್ಲಿ ಗಾಳಿ ನುಗ್ಗಿ ಒತ್ತಡ ಇಳಿದಾಗ ಮೇಲಿನ ಗಾಳಿ ಕಾರನ್ನು ನೆಲಕ್ಕೆ ಅದುಮುತ್ತದೆ. ಅದರಿಂದ ತಿರುವಿನಲ್ಲಿ ಗಾಲಿ ಸುಲಭವಾಗಿ ಜಾರೋದಿಲ್ಲ. ತಳದ ಹಿಂತುದಿ ಮೇಲಕ್ಕೆ ಬಾಗಿ ಬಾಯಿ ತೆರೆದಂತೆ ಇರುತ್ತದೆ. ಅದಕ್ಕೆ ಡಿಫ್ಯೂಸರ್ ಅಂತಾರೆ. ಅಗಲವಾದ ಕಾಲುವೆಯಂತೆ ಇದು ಗಾಳಿಯ ವೇಗ ಇಳಿಸಿ ಹೊರಗೆ ಬಿಡುತ್ತದೆ. ಬಾಯಿ ದೊಡ್ಡದಿದ್ದಷ್ಟೂ ತಳದಿಂದ ಹೆಚ್ಚು ಗಾಳಿ ಎಳೆಯುತ್ತದೆ. ಆದರೆ ಒಮ್ಮೆಲೇ ಅಗಲ ಮಾಡಿದರೆ ಗಾಳಿ ಸುಳಿ ಸುತ್ತಿ ಕೆಲಸ ಕೆಡುತ್ತದೆ.

2009ರಲ್ಲಿ ಫಾರ್ಮುಲಾ ಒನ್ ನಿಯಮ ಬದಲಾಯಿತು. ಡಿಫ್ಯೂಸರ್ ಎತ್ತರ 175 ಮಿಲಿಮೀಟರ್ ಮೀರಬಾರದು ಎಂದಾಯಿತು. ಒಂದು ಕಾರಿನ ಹಿಂದೆ ಇನ್ನೊಂದು ಹತ್ತಿರ ಓಡಿ ದಾಟಲು ಅನುಕೂಲವಾಗಲಿ ಎಂಬುದು ಉದ್ದೇಶ. ಆದರೆ ಬ್ರಾನ್, ಟೊಯೊಟಾ, ವಿಲಿಯಮ್ಸ್ ತಂಡಗಳು ನಿಯಮದಲ್ಲೇ ಒಂದು ಸಂದು ಹುಡುಕಿದವು. ತಳದಲ್ಲಿ ಕಿಂಡಿ ಬಿಟ್ಟು ಗಾಳಿಯನ್ನು ಮೇಲಿನ ಇನ್ನೊಂದು ಅಂತಸ್ತಿಗೆ ಹಾಯಿಸಿದವು. ಉಳಿದವರು ತಕರಾರು ಮಾಡಿದರು. ಏಪ್ರಿಲ್ 15ರಂದು ಮೇಲ್ಮನವಿ ನ್ಯಾಯಾಲಯ ಇದು ಸರಿ ಎಂದಿತು. ಬ್ರಾನ್ ಕಾರಿನ ಜೆನ್ಸನ್ ಬಟನ್ ಮೊದಲ 7 ರೇಸಿನಲ್ಲಿ 6 ಗೆದ್ದು ಆ ವರ್ಷ ಚಾಂಪಿಯನ್ ಆದರು. 2008ರ ಡಿಸೆಂಬರಿನಲ್ಲಿ ಹೋಂಡಾ ಕಂಪನಿ ಕೈಬಿಟ್ಟಿದ್ದ ತಂಡ ಅದು!

ಉಳಿದವರಿಗೆ ನಿಜವಾದ ಫಜೀತಿ ಶುರುವಾಯಿತು. ಮೇಲಿನ ಅಂತಸ್ತಿಗೆ ಜಾಗ ಎಲ್ಲಿ? ಅಲ್ಲಿ ಗೇರ್ ಬಾಕ್ಸ್ ಇದೆ, ಸಸ್ಪೆನ್ಷನ್ ಇದೆ. ರೆಡ್ ಬುಲ್ ಕಾರಿನ ಹಿಂದಿನ ಸಸ್ಪೆನ್ಷನ್ ತಗ್ಗಿನಲ್ಲೇ ಇತ್ತು, ಅವರಿಗೆ ಬಹಳ ಕಷ್ಟ. ಬೆಂಗಳೂರಿನ ವಿಜಯ್ ಮಲ್ಯ ಪಾಲುದಾರರಾಗಿದ್ದ ಫೋರ್ಸ್ ಇಂಡಿಯಾ ತಂಡ ಗೇರ್ ಬಾಕ್ಸನ್ನು ಮೆಕ್ಲಾರೆನ್‌ನಿಂದ ತಂದಿತ್ತು. ಬೇರೆಯವರು ಮಾಡಿದ ಗೇರ್ ಬಾಕ್ಸನ್ನು ತಮಗೆ ಬೇಕಾದ ಹಾಗೆ ಸಣ್ಣದು ಮಾಡೋದು ಹೆಂಗ? ಆದರೂ ಆಗಸ್ಟ್ 30ರಂದು ಬೆಲ್ಜಿಯಂನಲ್ಲಿ ಅವರ ಫಿಸಿಕೆಲ್ಲಾ ಎರಡನೇ ಸ್ಥಾನ ಪಡೆದರು. ತಂಡಕ್ಕೆ ಅಂಕ ಸಿಕ್ಕಿದ್ದು ಅದೇ ಮೊದಲು.

ರಾಯಚೂರಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮ ಕಾಕಾಗೆ ಇದನ್ನೆಲ್ಲ ಹೇಳಿದೆ. "ಲಾರಿಯ ಗೇರ್ ಬಾಕ್ಸ್ ಬರೇ ಇಳಿಸಿ ಏರಿಸೋದಕ್ಕೇ ನಮ್ಮ ಸೊಂಟ ಮುರೀತದ. ಅದರ ಆಕಾರಾನೇ ಬದಲು ಮಾಡೋದಂದ್ರ ಹುಡುಗಾಟ ಏನಪಾ?" ಅಂದರು.

ಇದು ಮೋಸ ಅಲ್ಲವೇ ಎಂದು ದೇವದುರ್ಗದಿಂದ ಬರುವ ಗೆಳೆಯ ವಾದ ಮಾಡಿದ. ನನಗೆ ಹಾಗೆ ಅನಿಸೋದಿಲ್ಲ. ನಿಯಮದ ಪುಸ್ತಕ ಎಲ್ಲರ ಕೈಯಲ್ಲೂ ಒಂದೇ ಇತ್ತು. ಆದರೆ ನಿಯಮ ಮಾಡಿದವರ ಉದ್ದೇಶ ಕೆಟ್ಟಿತು ಅನ್ನೋದೂ ಖರೆ.

2010ರ ಕಾರುಗಳಲ್ಲಿ ಡಿಫ್ಯೂಸರಿಗಾಗಿ ಎಷ್ಟೋ ತಂಡಗಳು ಗೇರ್ ಬಾಕ್ಸನ್ನು ಎತ್ತರಿಸಿದವು. 2011ಕ್ಕೆ ಎರಡಂತಸ್ತಿನ ಡಿಫ್ಯೂಸರ್ ನಿಷೇಧ ಆಯಿತು. ಆ ವರ್ಷ ವಿಲಿಯಮ್ಸ್ ಬಹಳ ತಗ್ಗಿನ ಗೇರ್ ಬಾಕ್ಸ್ ಮಾಡಿತು. ಕಾಕಾ ಕೇಳಿದ್ದು ಒಂದೇ ಮಾತು: "ಮತ್ತ ಬಿಚ್ಚಿದ್ರೇನು?"